2024ರ ಲೋಕಸಭಾ ಚುನಾವಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆ ಮನೆಯ ಊಟದ ಸಾಲಿನಲ್ಲಿ, ಬಸ್ ಸ್ಟ್ಯಾಂಡ್ ಹೋಟೆಲಿನಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಈ ಚುನಾವಣೆಯ ಮಾತು ಬಂದಾಗಲೆಲ್ಲ ಏಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇವೆ. ಪಕ್ಷದ ಪರ, ವಿರೋಧದ ಮಾತು ಬೇಕಾದವರಿಗೆ ಟಿ.ವಿ. ಇದ್ದೇ ಇದೆ. ಇಲ್ಲಿರುವುದು ಹೆಚ್ಚಾಗಿ ಲೆಕ್ಕ.

ಗೆದ್ದವರು ಸಪ್ಪಗಿದ್ದರು, ಸೋತವರು ಪಟಾಕಿ ಹೊಡೆದರು. ಕೊನೆಗೂ ಗೆದ್ದದ್ದು ಯಾರು?

ಬಿಜೆಪಿ ನೇತೃತ್ವದ ಎನ್‌ಡಿಎ ಕೂಟ. ಅದರಲ್ಲಿ ಗೊಂದಲವೇನಿಲ್ಲ. 543 ಸ್ಥಾನಗಳ ಲೋಕಸಭೆಯಲ್ಲಿ ಬಹುಮತಕ್ಕೆ 272 ಬೇಕು. ಎನ್‌ಡಿಎಗೆ 293 ಬಂತು, ‘ಇಂಡಿಯಾ’ ಕೂಟಕ್ಕೆ 234. ಜೂನ್ 9ರಂದು ನರೇಂದ್ರ ಮೋದಿ ಮೂರನೇ ಬಾರಿಗೆ ಪ್ರಧಾನಿಯಾಗಿ ಪ್ರಮಾಣ ವಚನ ಸ್ವೀಕರಿಸಿದರು.

ಸಪ್ಪಗಾದದ್ದು ಏಕೆಂದರೆ ಬಿಜೆಪಿಗೆ ತನ್ನದೇ ಬಲದಲ್ಲಿ ಬಂದದ್ದು 240. 2014ರಲ್ಲಿ 282, 2019ರಲ್ಲಿ 303 ಇದ್ದ ಪಕ್ಷ ‘ಈ ಬಾರಿ 400 ದಾಟುತ್ತೇವೆ’ ಎಂದು ಹೊರಟಿತ್ತು. 400ರ ಮಾತು ಆಡದೇ ಇದ್ದಿದ್ದರೆ ಇದೇ 240 ಇಷ್ಟು ಚಿಕ್ಕದಾಗಿ ಕಾಣುತ್ತಿರಲಿಲ್ಲ.

ಚಂದ್ರಬಾಬು ನಾಯ್ಡು, ನಿತೀಶ್ ಕುಮಾರ್ ಕೈ ಕೊಟ್ಟರೆ ಸರ್ಕಾರ ಬೀಳುತ್ತದೆಯೇ?

ಫಲಿತಾಂಶದ ದಿನದ ಸಂಖ್ಯೆಗಳನ್ನೇ ಇಟ್ಟುಕೊಂಡು ಕೂಡಿ ಕಳೆಯೋಣ. ನಾಯ್ಡು ಅವರ ಟಿಡಿಪಿಗೆ 16, ನಿತೀಶ್ ಅವರ ಜೆಡಿಯುಗೆ 12. ಟಿಡಿಪಿ ಒಂದೇ ಹೊರನಡೆದರೆ ಎನ್‌ಡಿಎ ಬಳಿ 277 ಉಳಿಯುತ್ತದೆ, ಸರ್ಕಾರ ನಿಲ್ಲುತ್ತದೆ. ಜೆಡಿಯು ಒಂದೇ ಹೋದರೆ 281, ಆಗಲೂ ನಿಲ್ಲುತ್ತದೆ. ಇಬ್ಬರೂ ಒಟ್ಟಿಗೆ ಹೋದರೆ 265. ಆಗ ಕಷ್ಟ. ಜನ ಮರೆಯುವ ಇನ್ನೊಂದು ವಿಷಯವಿದೆ: ಬಿಜೆಪಿ ಜತೆ ಇವರಿಬ್ಬರೇ ಸೇರಿದರೂ 268 ಮಾತ್ರ. ಏಕನಾಥ ಶಿಂದೆಯವರ ಶಿವಸೇನೆಯ 7, ಚಿರಾಗ್ ಪಾಸ್ವಾನ್ ಪಕ್ಷದ 5 ಕೂಡ ಅಷ್ಟೇ ಮುಖ್ಯ. ಟಿ.ವಿ.ಯವರು ಇಬ್ಬರ ಹಿಂದೆ ಮಾತ್ರ ಕ್ಯಾಮೆರಾ ಹಿಡಿದು ಓಡಿದ್ದರಿಂದ ಅದು ಮರೆಯಾಯಿತು.

ಬಿಜೆಪಿ 63 ಸ್ಥಾನ ಕಳೆದುಕೊಂಡಿತು ಎಂದರೆ ಅಷ್ಟು ಜನ ಕೈಬಿಟ್ಟರು ಅಂತಲೇ?

ಇಲ್ಲ. ಈ ಚುನಾವಣೆಯನ್ನು ಅರ್ಥ ಮಾಡಿಕೊಳ್ಳಲು ಇದೊಂದು ಪ್ರಶ್ನೆಗೆ ಸಮಾಧಾನವಾಗಿ ಉತ್ತರ ಹುಡುಕಿದರೆ ಸಾಕು.

2019ರಲ್ಲಿ ದೇಶದಾದ್ಯಂತ ಬಿಜೆಪಿಗೆ ಬಿದ್ದ ಮತ ಶೇ 37.36. 2024ರಲ್ಲಿ ಶೇ 36.56. ಕಳೆದುಕೊಂಡದ್ದು ನೂರಕ್ಕೆ ಒಂದು ಮತವೂ ಅಲ್ಲ. ಮತದಾರರ ಸಂಖ್ಯೆ ಬೆಳೆದದ್ದರಿಂದ ಒಟ್ಟು ಮತ 23 ಕೋಟಿ ದಾಟಿ ಕೊಂಚ ಹೆಚ್ಚೇ ಆಯಿತು. ಹಾಗಿದ್ದೂ 63 ಸ್ಥಾನ ಹೋಯಿತು.

ಕಾರಣ, ಮತ ಹೋದ ಜಾಗ ಬೇರೆ, ಬಂದ ಜಾಗ ಬೇರೆ. ತಮಿಳುನಾಡಿನಲ್ಲಿ ಬಿಜೆಪಿಗೆ ಶೇ 11ರಷ್ಟು ಮತ ಬಂತು, ಸೀಟು ಸೊನ್ನೆ. ಪಂಜಾಬಿನಲ್ಲಿ ಶೇ 18 ದಾಟಿತು, ಅಲ್ಲೂ ಸೊನ್ನೆ. ಕೇರಳದಲ್ಲಿ ಮತ ಹೆಚ್ಚಿತು, ಗೆದ್ದದ್ದು ತ್ರಿಶೂರ್ ಒಂದೇ. ಮತ ಇಳಿದದ್ದು ಸೀಟುಗಳ ಕಣಜವಾಗಿದ್ದ ಕಡೆ: ಉತ್ತರ ಪ್ರದೇಶದಲ್ಲಿ ಸೀಟು 62ರಿಂದ 33ಕ್ಕೆ, ರಾಜಸ್ಥಾನದಲ್ಲಿ 24ರಿಂದ 14ಕ್ಕೆ, ಹರಿಯಾಣದಲ್ಲಿ ಹತ್ತಕ್ಕೆ ಹತ್ತು ಇದ್ದದ್ದು ಐದಕ್ಕೆ, ಮಹಾರಾಷ್ಟ್ರದಲ್ಲಿ 23ರಿಂದ 9ಕ್ಕೆ.

ನಮ್ಮದು ಕ್ಷೇತ್ರದಲ್ಲಿ ಯಾರಿಗೆ ಹೆಚ್ಚು ಮತವೋ ಅವರೇ ಗೆಲ್ಲುವ ಪದ್ಧತಿ. ಅರ್ಧಕ್ಕಿಂತ ಹೆಚ್ಚು ಬೇಕೆಂಬ ನಿಯಮ ಇಲ್ಲ. ಹಾಗಾಗಿ ಮತದ ಲೆಕ್ಕಕ್ಕೂ ಸೀಟಿನ ಲೆಕ್ಕಕ್ಕೂ ತಾಳೆಯಾಗುವುದು ಅಪರೂಪ. ಒಡಿಶಾದಲ್ಲಿ ನವೀನ್ ಪಟ್ನಾಯಕರ ಬಿಜೆಡಿಗೆ ಶೇ 37ಕ್ಕೂ ಹೆಚ್ಚು ಮತ ಬಂದು ಒಂದೇ ಒಂದು ಸೀಟು ಸಿಗಲಿಲ್ಲ. ಶೇ 12ರಷ್ಟು ಪಡೆದ ಕಾಂಗ್ರೆಸ್ಸಿಗೆ ಅಲ್ಲಿ ಒಂದು ಸಿಕ್ಕಿತು! ಬಿಎಸ್‌ಪಿಗೂ ಟಿಡಿಪಿಗೂ ದೇಶದ ಲೆಕ್ಕದಲ್ಲಿ ಬಂದದ್ದು ಹತ್ತಿರ ಹತ್ತಿರ ಶೇ 2ರಷ್ಟು ಮತ. ಮತಗಳು ಊರೂರಿಗೆ ಚದುರಿದ್ದ ಬಿಎಸ್‌ಪಿಗೆ ಸೊನ್ನೆ, ಒಂದೇ ರಾಜ್ಯದಲ್ಲಿ ಗುಡ್ಡೆ ಬಿದ್ದಿದ್ದ ಟಿಡಿಪಿಗೆ 16 ಸೀಟು ಮತ್ತು ದೆಹಲಿಯಲ್ಲಿ ಭಾರೀ ಮರ್ಯಾದೆ.

ಉತ್ತರ ಪ್ರದೇಶದಲ್ಲಿ ಆದದ್ದೇನು? ಅಯೋಧ್ಯೆಯಲ್ಲೇ ಸೋತರಂತಲ್ಲ?

ಅಯೋಧ್ಯೆ ಇರುವ ಲೋಕಸಭಾ ಕ್ಷೇತ್ರದ ಹೆಸರು ಫೈಜಾಬಾದ್. ಜನವರಿ 22ರಂದು ರಾಮಮಂದಿರದ ಪ್ರಾಣಪ್ರತಿಷ್ಠೆ ಆಗಿತ್ತು, ಜೂನ್ 4ರಂದು ಅಲ್ಲಿ ಸಮಾಜವಾದಿ ಪಕ್ಷದ ಅವಧೇಶ್ ಪ್ರಸಾದ್ 54 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಅದು ಮೀಸಲು ಕ್ಷೇತ್ರವಲ್ಲ, ಸಾಮಾನ್ಯ ಕ್ಷೇತ್ರ. ಅಲ್ಲಿ ಪಾಸಿ ಸಮುದಾಯದ ದಲಿತ ನಾಯಕರೊಬ್ಬರನ್ನು ನಿಲ್ಲಿಸಿದ್ದು ಅಖಿಲೇಶ್ ಯಾದವ್ ಲೆಕ್ಕಾಚಾರದ ತಿರುಳು. ಇಡೀ ರಾಜ್ಯದಲ್ಲಿ ಯಾದವರಿಗೆ ಕೊಟ್ಟದ್ದು ಐದೇ ಟಿಕೆಟ್, ಅವೂ ಅವರ ಕುಟುಂಬದೊಳಗೆ. ಉಳಿದವುಗಳಲ್ಲಿ ಹೆಚ್ಚಿನವನ್ನು ಬೇರೆ ಹಿಂದುಳಿದ ಜಾತಿಗಳಿಗೆ, ದಲಿತರಿಗೆ ಹಂಚಿದರು. ಅತ್ತ ಬಿಎಸ್‌ಪಿಯ ಮತ ಶೇ 19ರಿಂದ 9ರ ಆಸುಪಾಸಿಗೆ ಕುಸಿಯಿತು.

‘400 ಬಂದರೆ ಸಂವಿಧಾನ ಬದಲಿಸುತ್ತಾರೆ’ ಎಂಬ ವಿರೋಧ ಪಕ್ಷಗಳ ಪ್ರಚಾರ ದಲಿತರ ಕೇರಿಗಳಲ್ಲಿ ನಾಟಿತು. ಆ ಮಾತಿಗೆ ಸಲಕರಣೆ ಒದಗಿಸಿದವರಲ್ಲಿ ನಮ್ಮವರೂ ಇದ್ದಾರೆ: ಆಗ ಉತ್ತರ ಕನ್ನಡದ ಸಂಸದರಾಗಿದ್ದ ಅನಂತಕುಮಾರ್ ಹೆಗಡೆ, ಸಂವಿಧಾನ ತಿದ್ದಲು 400 ಸೀಟು ಬೇಕು ಎಂಬ ಅರ್ಥದ ಮಾತಾಡಿ ದೇಶವೆಲ್ಲ ಸುದ್ದಿಯಾದರು. ಪಕ್ಷ ‘ಅದು ವೈಯಕ್ತಿಕ ಅಭಿಪ್ರಾಯ’ ಎಂದಿತು, ಟಿಕೆಟನ್ನು ವಿಶ್ವೇಶ್ವರ ಹೆಗಡೆ ಕಾಗೇರಿಯವರಿಗೆ ಕೊಟ್ಟಿತು. ನೌಕರಿಯ ಚಿಂತೆ, ಅದೇ ವರ್ಷ ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯ ಪ್ರಶ್ನೆಪತ್ರಿಕೆ ಸೋರಿ ಪರೀಕ್ಷೆ ರದ್ದಾದ ಸಿಟ್ಟು ಇವೂ ಸೇರಿಕೊಂಡವು.

ಅಲ್ಲೂ ಎರಡು ಕೂಟಗಳ ಮತ ಹೆಚ್ಚುಕಮ್ಮಿ ಸಮ, ಶೇ 43ರ ಸುತ್ತಮುತ್ತ. ಸೀಟು ಮಾತ್ರ ‘ಇಂಡಿಯಾ’ಕ್ಕೆ 43, ಎನ್‌ಡಿಎಗೆ 36. ವಾರಾಣಸಿಯಲ್ಲಿ ಮೋದಿಯವರ ಅಂತರ 4.79 ಲಕ್ಷದಿಂದ 1.52 ಲಕ್ಷಕ್ಕೆ ಇಳಿಯಿತು. ಅಮೇಠಿಯಲ್ಲಿ ಸ್ಮೃತಿ ಇರಾನಿ ಸೋತರು.

ಹಾಗಾದರೆ ದೇಶವೆಲ್ಲ ಬಿಜೆಪಿ ವಿರುದ್ಧ ಗಾಳಿ ಇತ್ತೇ?

ಮಧ್ಯಪ್ರದೇಶದಲ್ಲಿ 29ಕ್ಕೆ 29 ಬಿಜೆಪಿ. ದೆಹಲಿಯಲ್ಲಿ ಏಳಕ್ಕೆ ಏಳು. ಒಡಿಶಾದಲ್ಲಿ 21ಕ್ಕೆ 20, ಜತೆಗೆ 24 ವರ್ಷದ ಪಟ್ನಾಯಕರ ಆಡಳಿತಕ್ಕೂ ತೆರೆ. ತೆಲಂಗಾಣದಲ್ಲಿ ನಾಲ್ಕಿದ್ದದ್ದು ಎಂಟು. ಇದನ್ನು ಗಾಳಿ ಎಂದು ಹೇಗೆ ಕರೆಯುವುದು? ಪ್ರತಿ ರಾಜ್ಯವೂ ತನ್ನ ಚುನಾವಣೆ ತಾನು ಮಾಡಿಕೊಂಡಿತು, ಜೂನ್ 4ರಂದು ಎಲ್ಲವನ್ನೂ ಕೂಡಿಸಿದಾಗ ಬಂದ ಮೊತ್ತ ಇದು.

ಕರ್ನಾಟಕದಲ್ಲಿ ಯಾರಿಗೆ ಎಷ್ಟು?

28ರಲ್ಲಿ ಬಿಜೆಪಿ 17, ಕಾಂಗ್ರೆಸ್ 9, ಜೆಡಿಎಸ್ 2. ಏಪ್ರಿಲ್ 26ಕ್ಕೆ ಹಳೇ ಮೈಸೂರು, ಬೆಂಗಳೂರು, ಕರಾವಳಿ ಕಡೆಯ 14 ಕ್ಷೇತ್ರ, ಮೇ 7ಕ್ಕೆ ಉತ್ತರದ ಕಡೆಯ 14.

ಮತದ ಲೆಕ್ಕ ನೋಡಿ: ಬಿಜೆಪಿಗೆ ಶೇ 46, ಕಾಂಗ್ರೆಸ್ಸಿಗೆ ಶೇ 45. ಇಷ್ಟೇ ವ್ಯತ್ಯಾಸ! ‘ಗ್ಯಾರಂಟಿ ಕೈ ಹಿಡಿಯಲಿಲ್ಲ’ ಎಂದು ಷರಾ ಬರೆದವರು ಈ ಸಾಲನ್ನು ಓದಿರಲಿಕ್ಕಿಲ್ಲ. ಆದರೆ ಕಾಂಗ್ರೆಸ್ 28ರಲ್ಲೂ ಸ್ಪರ್ಧಿಸಿತ್ತು, ಬಿಜೆಪಿ ಮೂರು ಕ್ಷೇತ್ರಗಳನ್ನು ಜೆಡಿಎಸ್‌ಗೆ ಬಿಟ್ಟು 25ರಲ್ಲಿ ಮಾತ್ರ. ಜೆಡಿಎಸ್ ಮತವನ್ನೂ ಕೂಡಿಸಿದರೆ ಮೈತ್ರಿಗೆ ಅರ್ಧಕ್ಕಿಂತ ಹೆಚ್ಚು ಮತ ಬಿದ್ದಿದೆ. ಗ್ಯಾರಂಟಿ ಗೆಲ್ಲಿಸಿತು ಎನ್ನುವವರಿಗೂ ಇದರಲ್ಲಿ ಉತ್ತರ ಇದೆ.

ಕಲ್ಯಾಣ ಕರ್ನಾಟಕದ ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳ, ಬಳ್ಳಾರಿ ಐದೂ ಕಾಂಗ್ರೆಸ್ ಪಾಲಾದವು. 2019ರಲ್ಲಿ ಮಲ್ಲಿಕಾರ್ಜುನ ಖರ್ಗೆ ಸೋತಿದ್ದ ಕಲಬುರಗಿಯಲ್ಲಿ ಅವರ ಅಳಿಯ ರಾಧಾಕೃಷ್ಣ ದೊಡ್ಡಮನಿ ಅದೇ ಉಮೇಶ್ ಜಾಧವ್ ವಿರುದ್ಧ ಗೆದ್ದರು. ಬೆಂಗಳೂರು ಗ್ರಾಮಾಂತರದಲ್ಲಿ ಜಯದೇವ ಆಸ್ಪತ್ರೆಯ ನಿರ್ದೇಶಕರಾಗಿದ್ದ ಡಾ. ಸಿ.ಎನ್. ಮಂಜುನಾಥ್, ಡಿ.ಕೆ. ಸುರೇಶ್ ಅವರನ್ನು 2.69 ಲಕ್ಷ ಮತಗಳಿಂದ ಸೋಲಿಸಿದ್ದು ಈ ಸಲದ ದೊಡ್ಡ ಅಚ್ಚರಿ. ಹಾಸನದಲ್ಲಿ ಪ್ರಜ್ವಲ್ ರೇವಣ್ಣ, ಕಾಂಗ್ರೆಸ್ಸಿನ ಶ್ರೇಯಸ್ ಪಟೇಲ್ ಎದುರು ಸೋತರು. ಮಂಡ್ಯದಲ್ಲಿ ಗೆದ್ದ ಎಚ್.ಡಿ. ಕುಮಾರಸ್ವಾಮಿ ಕೇಂದ್ರದಲ್ಲಿ ಭಾರೀ ಕೈಗಾರಿಕೆ ಮತ್ತು ಉಕ್ಕು ಸಚಿವರಾದರು. ಪ್ರಲ್ಹಾದ ಜೋಶಿ, ಶೋಭಾ ಕರಂದ್ಲಾಜೆ, ವಿ. ಸೋಮಣ್ಣ, ಜತೆಗೆ ನಮ್ಮ ರಾಜ್ಯದಿಂದ ರಾಜ್ಯಸಭೆಗೆ ಹೋದ ನಿರ್ಮಲಾ ಸೀತಾರಾಮನ್ ಕೂಡ ಮಂತ್ರಿಗಳಾದರು.

ಮಂಡ್ಯದಲ್ಲಿ ಶೇ 81 ದಾಟಿದ ಮತದಾನ ಬೆಂಗಳೂರು ದಕ್ಷಿಣದಲ್ಲಿ ಶೇ 53ರ ಹತ್ತಿರ ನಿಂತಿತು. ಅದರ ಬಗ್ಗೆ ಪ್ರತಿ ಐದು ವರ್ಷಕ್ಕೊಮ್ಮೆ ಬೈದು ಆಗಿದೆ, ಮತ್ತೆ ಬೈಯುವುದಿಲ್ಲ.

ಮತಗಟ್ಟೆ ಒಡೆದ ಊರು ಯಾವುದು?

ಚಾಮರಾಜನಗರ ಜಿಲ್ಲೆ ಹನೂರು ತಾಲ್ಲೂಕಿನ ಇಂಡಿಗನತ್ತ, ಮಲೆ ಮಹದೇಶ್ವರ ಬೆಟ್ಟದ ಕಾಡಿನೊಳಗಿನ ಊರು. ರಸ್ತೆ, ನೀರಿನಂಥ ಸೌಕರ್ಯ ಇಲ್ಲವೆಂದು ಜನ ಮತದಾನ ಬಹಿಷ್ಕರಿಸಿದ್ದರು. ಏಪ್ರಿಲ್ 26ರಂದು ಅಧಿಕಾರಿಗಳು ಮನವೊಲಿಸಲು ಹೋದಾಗ ಗಲಾಟೆಯಾಗಿ ಮತಗಟ್ಟೆ, ಮತಯಂತ್ರ ಧ್ವಂಸವಾದವು. 29ರಂದು ಮರುಮತದಾನ ಇಟ್ಟರೂ ಬಂದು ಮತ ಹಾಕಿದವರು ಕೆಲವೇ ಮಂದಿ. ಬಂಧನದ ಭಯಕ್ಕೆ ಊರು ಬಿಟ್ಟವರು ಎಲ್ಲಿಂದ ಬರಬೇಕು?

99 ಸೀಟಿಗೆ ಕಾಂಗ್ರೆಸ್ಸಿಗೆ ಅಷ್ಟು ಸಂಭ್ರಮ ಏಕೆ?

2014ರಲ್ಲಿ 44, 2019ರಲ್ಲಿ 52 ಇದ್ದ ಪಕ್ಷ ಅದು. ಸದನದ ಹತ್ತನೇ ಒಂದು ಭಾಗ, ಅಂದರೆ 55 ಸೀಟು ಇಲ್ಲದ್ದರಿಂದ ಹತ್ತು ವರ್ಷ ಲೋಕಸಭೆಯಲ್ಲಿ ಅಧಿಕೃತ ವಿರೋಧ ಪಕ್ಷದ ನಾಯಕರೇ ಇರಲಿಲ್ಲ. ಈ ಸಲ ರಾಹುಲ್ ಗಾಂಧಿ ಆ ಸ್ಥಾನಕ್ಕೆ ಬಂದರು. ಅದು ಸಂಪುಟ ದರ್ಜೆಯ ಹುದ್ದೆ; ಮುಖ್ಯ ಚುನಾವಣಾ ಆಯುಕ್ತರು, ಸಿಬಿಐ ನಿರ್ದೇಶಕರನ್ನು ಆರಿಸುವ ಸಮಿತಿಗಳಲ್ಲಿ ಕುರ್ಚಿ ಸಿಗುತ್ತದೆ. ವಯನಾಡ್, ರಾಯಬರೇಲಿ ಎರಡೂ ಗೆದ್ದಿದ್ದ ಅವರು ವಯನಾಡ್ ಬಿಟ್ಟುಕೊಟ್ಟರು, ನವೆಂಬರಿನ ಉಪಚುನಾವಣೆಯಲ್ಲಿ ಅಲ್ಲಿಂದ ಪ್ರಿಯಾಂಕಾ ಗಾಂಧಿ ಆರಿಸಿಬಂದರು. ಇಷ್ಟಾದರೂ 99 ಎಂಬುದು 240ರ ಅರ್ಧವೂ ಅಲ್ಲ.

ಮತಗಟ್ಟೆ ಸಮೀಕ್ಷೆಗಳು ಅಷ್ಟು ತಪ್ಪಿದ್ದು ಹೇಗೆ?

ಜೂನ್ 1ರ ಸಂಜೆ ಬಂದ ಹೆಚ್ಚಿನ ಸಮೀಕ್ಷೆಗಳು ಎನ್‌ಡಿಎಗೆ 350ಕ್ಕಿಂತ ಹೆಚ್ಚು ಕೊಟ್ಟವು, ಒಂದೆರಡು 400ಕ್ಕೂ ಮುಟ್ಟಿಸಿದವು. ಮತದ ಪ್ರಮಾಣವನ್ನು ಅಂದಾಜು ಮಾಡುವುದು ಒಂದು ಕೆಲಸ, ಅದನ್ನು ಸೀಟಿಗೆ ಇಳಿಸುವುದು ಇನ್ನೊಂದು. ಮೇಲೆ ಹೇಳಿದ ಉತ್ತರ ಪ್ರದೇಶದಂಥ ಕಡೆ ಒಂದೆರಡು ಶೇಕಡಾ ಎಡವಿದರೆ ಹತ್ತಾರು ಸೀಟು ಅತ್ತಿತ್ತ ಆಗುತ್ತದೆ. ಸಮೀಕ್ಷೆ ನಂಬಿ ಜೂನ್ 3ರಂದು ಶೇರುಪೇಟೆ ಜಿಗಿಯಿತು, 4ರಂದು ಸೆನ್ಸೆಕ್ಸ್ 4,300ಕ್ಕೂ ಹೆಚ್ಚು ಅಂಶ ಬಿತ್ತು. ಸಮೀಕ್ಷಾ ಸಂಸ್ಥೆಯೊಂದರ ಮುಖ್ಯಸ್ಥರು ನೇರಪ್ರಸಾರದಲ್ಲೇ ಕಣ್ಣೀರು ಹಾಕಿದರು. ದುಡ್ಡು ಕಳೆದುಕೊಂಡವರ ಕಣ್ಣೀರನ್ನು ಯಾರೂ ಪ್ರಸಾರ ಮಾಡಲಿಲ್ಲ.

ಎಣಿಕೆ ಕೇಂದ್ರದೊಳಗೆ ನಿಜಕ್ಕೂ ನಡೆಯುವುದೇನು?

ಬೆಳಿಗ್ಗೆ ಅಭ್ಯರ್ಥಿಗಳ ಕಡೆಯವರ ಎದುರೇ ಸ್ಟ್ರಾಂಗ್ ರೂಮಿನ ಬೀಗ ತೆಗೆಯುತ್ತಾರೆ. 8 ಗಂಟೆಗೆ ಮೊದಲು ಅಂಚೆ ಮತ. ಅರ್ಧ ಗಂಟೆಯ ನಂತರ ಯಂತ್ರಗಳು. ನಮ್ಮಲ್ಲಿ ಒಂದು ಲೋಕಸಭಾ ಕ್ಷೇತ್ರಕ್ಕೆ ಎಂಟು ವಿಧಾನಸಭಾ ಕ್ಷೇತ್ರ, ಒಂದೊಂದಕ್ಕೂ ಸಾಮಾನ್ಯವಾಗಿ 14 ಮೇಜು. ಮೇಜಿಗೆ ಬರುವುದು ಕಂಟ್ರೋಲ್ ಯೂನಿಟ್ ಮಾತ್ರ. ಗುಂಡಿ ಒತ್ತಿ ನಾವು ಮತ ಹಾಕುವ ಬ್ಯಾಲೆಟ್ ಯೂನಿಟ್ ಬರುವುದಿಲ್ಲ. ತಂತಿಬಲೆಯ ಆಚೆ ಏಜೆಂಟರು ಪೆನ್ನು ಹಿಡಿದು ಕೂತಿರುತ್ತಾರೆ. ಸೀಲಿನ ನಂಬರು ತೋರಿಸಿ, ಒಡೆದು, ‘ರಿಸಲ್ಟ್’ ಗುಂಡಿ ಒತ್ತಿದರೆ ಪರದೆಯ ಮೇಲೆ ಒಬ್ಬೊಬ್ಬ ಅಭ್ಯರ್ಥಿಯ ಮತವೂ ಒಂದಾದ ಮೇಲೊಂದು ಬರುತ್ತದೆ. ಅದನ್ನು ಏಜೆಂಟರು ಬರೆದುಕೊಂಡು ಮತದಾನದ ದಿನ ಮತಗಟ್ಟೆಯಲ್ಲಿ ಕೊಟ್ಟ 17ಸಿ ನಮೂನೆಯ ಒಟ್ಟು ಸಂಖ್ಯೆಯ ಜತೆ ತಾಳೆ ನೋಡುತ್ತಾರೆ. ಹದಿನಾಲ್ಕೂ ಮೇಜು ಮುಗಿದರೆ ಒಂದು ಸುತ್ತು. ಟಿ.ವಿ.ಯಲ್ಲಿ ‘ಏಳನೇ ಸುತ್ತಿನಲ್ಲಿ ಮುನ್ನಡೆ’ ಎನ್ನುವುದು ಇದನ್ನೇ.

ಸುತ್ತುಗಳು ಮುಗಿದ ಮೇಲೆ ಪ್ರತಿ ವಿಧಾನಸಭಾ ಕ್ಷೇತ್ರಕ್ಕೆ ಐದು ಮತಗಟ್ಟೆಗಳನ್ನು ಚೀಟಿ ಎತ್ತಿ ಆರಿಸಿ, ಅಲ್ಲಿನ ವಿವಿಪ್ಯಾಟ್ (ಹಾಕಿದ ಮತವನ್ನು ಮುದ್ರಿಸಿ ತೋರಿಸುವ ಯಂತ್ರ) ಚೀಟಿಗಳನ್ನು ಕೈಯಲ್ಲಿ ಎಣಿಸುತ್ತಾರೆ. ಎಲ್ಲ ಚೀಟಿಗಳನ್ನೂ ಎಣಿಸಬೇಕು ಎಂಬ ಬೇಡಿಕೆಯನ್ನು ಸುಪ್ರೀಂ ಕೋರ್ಟ್ 2024ರ ಏಪ್ರಿಲ್ 26ರಂದು ತಳ್ಳಿಹಾಕಿತು. ನಮ್ಮಲ್ಲಿ ಮೊದಲ ಹಂತದ ಮತದಾನ ಆ ಹೊತ್ತಿಗೆ ನಡೆಯುತ್ತಿತ್ತು. ಎರಡನೇ, ಮೂರನೇ ಸ್ಥಾನ ಬಂದವರು ಏಳು ದಿನದೊಳಗೆ ದುಡ್ಡು ಕಟ್ಟಿ ಶೇ 5ರಷ್ಟು ಯಂತ್ರಗಳ ತಪಾಸಣೆ ಕೇಳಬಹುದು ಎಂಬ ಹೊಸ ಅವಕಾಶವನ್ನು ಅದೇ ತೀರ್ಪು ಕೊಟ್ಟಿತು. ಅಂದಹಾಗೆ ಯಂತ್ರ ತಯಾರಿಸುವ ಎರಡು ಸರ್ಕಾರಿ ಕಂಪನಿಗಳಲ್ಲಿ ಒಂದು ಬೆಂಗಳೂರಿನ ಬಿಇಎಲ್, ಬೆರಳಿಗೆ ಹಚ್ಚುವ ಶಾಯಿ 1962ರಿಂದಲೂ ಮೈಸೂರಿನ ಬಣ್ಣ ಮತ್ತು ಅರಗು ಕಾರ್ಖಾನೆಯದು.

ಅಂಚೆ ಮತದಿಂದ ಫಲಿತಾಂಶ ಬದಲಾಗುತ್ತದೆಯೇ?

ಮುಂಬೈ ವಾಯವ್ಯದಲ್ಲಿ ಬದಲಾಯಿತು. ಯಂತ್ರದ ಮತಗಳಲ್ಲಿ ಉದ್ಧವ್ ಠಾಕ್ರೆ ಬಣದ ಅಮೋಲ್ ಕೀರ್ತಿಕರ್ ಒಂದೇ ಒಂದು ಮತದಿಂದ ಮುಂದಿದ್ದರು. ಅಂಚೆ ಮತ ಸೇರಿಸಿದಾಗ ಶಿಂದೆ ಬಣದ ರವೀಂದ್ರ ವಾಯ್ಕರ್ 48 ಮತಗಳಿಂದ ಗೆದ್ದರು. ಒಂಬತ್ತು ಲಕ್ಷಕ್ಕೂ ಹೆಚ್ಚು ಜನ ಮತ ಹಾಕಿದ ಕ್ಷೇತ್ರ ಅದು.

ನೋಟಾಗೆ (‘ಮೇಲಿನ ಯಾರೂ ಅಲ್ಲ’ ಎಂಬ ಗುಂಡಿಗೆ) ಹೆಚ್ಚು ಮತ ಬಂದರೆ ಚುನಾವಣೆ ರದ್ದಾಗುತ್ತದೆಯೇ?

ಇಲ್ಲ. ನೋಟಾ ನಂತರ ಯಾರಿಗೆ ಹೆಚ್ಚೋ ಅವರೇ ಗೆದ್ದಂತೆ. ಇಂದೋರಿನಲ್ಲಿ ಕಾಂಗ್ರೆಸ್ ಅಭ್ಯರ್ಥಿ ಕೊನೇ ಗಳಿಗೆಯಲ್ಲಿ ನಾಮಪತ್ರ ಹಿಂದೆಗೆದು ಬಿಜೆಪಿ ಸೇರಿದ್ದರಿಂದ, ‘ನೋಟಾ ಒತ್ತಿ’ ಎಂದೇ ಕಾಂಗ್ರೆಸ್ ಪ್ರಚಾರ ಮಾಡಿತು. 2.18 ಲಕ್ಷ ಜನ ಒತ್ತಿದರು, ನೋಟಾ ಎರಡನೇ ಸ್ಥಾನಕ್ಕೆ ಬಂತು. ಬಿಜೆಪಿಯ ಶಂಕರ್ ಲಾಲ್ವಾನಿ 11.75 ಲಕ್ಷದ ಅಂತರದಲ್ಲಿ ಗೆದ್ದರು. ಸೂರತ್ತಿನ ಮತದಾರರಿಗೆ ಅದೂ ಇಲ್ಲ: ಕಾಂಗ್ರೆಸ್ ನಾಮಪತ್ರ ತಿರಸ್ಕೃತವಾಗಿ, ಉಳಿದವರು ಹಿಂದೆ ಸರಿದು, ಬಿಜೆಪಿಯ ಮುಕೇಶ್ ದಲಾಲ್ ಅವಿರೋಧವಾಗಿ ಆಯ್ಕೆಯಾದರು. ಗುಂಡಿ ಒತ್ತುವ ಅವಕಾಶವೇ ಬರಲಿಲ್ಲ.

ಚುನಾವಣೆ ನ್ಯಾಯವಾಗಿ ನಡೆಯಿತೇ?

ಎಣಿಕೆಯ ದಿನದ ವ್ಯವಸ್ಥೆಯ ಬಗ್ಗೆ ಕೇಳಿದರೆ ಬಹುಮಟ್ಟಿಗೆ ಹೌದು ಎನ್ನಬಹುದು. ಅದಕ್ಕೂ ಮುಂಚಿನ ಕಣ ಸಮತಟ್ಟಾಗಿತ್ತೇ ಎಂದು ಕೇಳಿದರೆ ಹಾಗೆನ್ನುವುದು ಕಷ್ಟ. ಆಗ ದೆಹಲಿಯ ಮುಖ್ಯಮಂತ್ರಿಯಾಗಿದ್ದ ಅರವಿಂದ ಕೇಜ್ರಿವಾಲ್ ಬಂಧನವಾದದ್ದು ವೇಳಾಪಟ್ಟಿ ಪ್ರಕಟವಾದ ಐದೇ ದಿನಕ್ಕೆ, ಮಾರ್ಚ್ 21ರಂದು. ರಾಜಸ್ಥಾನದ ಬಾಂಸ್‌ವಾಡಾದಲ್ಲಿ ಪ್ರಧಾನಿ ಆಡಿದ ಮಾತಿನ ಬಗ್ಗೆ ದೂರು ಬಂದಾಗ ಚುನಾವಣಾ ಆಯೋಗ ನೋಟಿಸ್ ಕೊಟ್ಟದ್ದು ಆಗ ಬಿಜೆಪಿ ಅಧ್ಯಕ್ಷರಾಗಿದ್ದ ನಡ್ಡಾ ಅವರಿಗೆ. ರಾಹುಲ್ ಮೇಲಿನ ದೂರಿಗೆ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಖರ್ಗೆಯವರಿಗೆ. ಮಾತಾಡಿದವರನ್ನು ಕೇಳುವ ಧೈರ್ಯ ಆಯೋಗಕ್ಕೆ ಇರಬೇಕಿತ್ತು ಎಂಬುದು ನಮ್ಮ ಅಭಿಪ್ರಾಯ. ಮೊದಲ ಹಂತದ ಅಂತಿಮ ಮತದಾನ ಪ್ರಮಾಣ ಪ್ರಕಟಿಸಲು 11 ದಿನ ತೆಗೆದುಕೊಂಡದ್ದು ಬೇಡದ ಅನುಮಾನಕ್ಕೆ ದಾರಿಯಾಯಿತು. ಮತದಾನದ ಸಂಜೆ ಸಿಗುವುದು ಅಂದಾಜು, ದೂರದ ಮತಗಟ್ಟೆಗಳ ಲೆಕ್ಕ ಸೇರಿದ ಮೇಲೆ ಅದು ಏರುವುದು ಸಹಜ. ಆದರೆ 11 ದಿನ?

2025ರ ಆಗಸ್ಟಿನಲ್ಲಿ ರಾಹುಲ್ ಗಾಂಧಿ ಬೆಂಗಳೂರು ಕೇಂದ್ರ ಕ್ಷೇತ್ರದ ಮಹದೇವಪುರದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ನಕಲಿ ಮತಗಳಿದ್ದವು ಎಂದು ಆರೋಪಿಸಿದರು. ಆಯೋಗ ಅಲ್ಲಗಳೆಯಿತು, ಪ್ರಮಾಣಪತ್ರ ಸಲ್ಲಿಸಿ ಎಂದಿತು. ಬಿಜೆಪಿಯ ಪಿ.ಸಿ. ಮೋಹನ್ ಅಲ್ಲಿ ಗೆದ್ದ ಅಂತರ 32,707. ಫಲಿತಾಂಶವನ್ನು ಪ್ರಶ್ನಿಸುವ ತಕರಾರು ಅರ್ಜಿಯನ್ನು 45 ದಿನದೊಳಗೆ ಹೈಕೋರ್ಟಿಗೆ ಹಾಕಬೇಕೆಂಬುದು ಕಾನೂನು.

ದುಬೈಯಲ್ಲೋ ಅಮೆರಿಕದಲ್ಲೋ ಇರುವ ನಾವು ಅಲ್ಲಿಂದಲೇ ಮತ ಹಾಕಬಹುದೇ?

ಆಗುವುದಿಲ್ಲ. ಭಾರತದ ಪಾಸ್‌ಪೋರ್ಟ್ ಇದ್ದರೆ ನಮೂನೆ 6ಎ ತುಂಬಿ ನಿಮ್ಮೂರಿನ ಪಟ್ಟಿಗೆ ಹೆಸರು ಸೇರಿಸಬಹುದು. ಮತದಾನದ ದಿನ ಪಾಸ್‌ಪೋರ್ಟ್ ಹಿಡಿದು ಮತಗಟ್ಟೆಗೆ ನೀವೇ ಬರಬೇಕು. ಆನ್‌ಲೈನ್ ಇಲ್ಲ, ಅಂಚೆಯೂ ಇಲ್ಲ. ಬೇರೆ ದೇಶದ ಪೌರತ್ವ ಪಡೆದವರಿಗೆ, ಒಸಿಐ ಕಾರ್ಡ್ ಇದ್ದರೂ, ಮತದ ಹಕ್ಕಿಲ್ಲ.

ಮುಂದಿನ ಲೋಕಸಭಾ ಚುನಾವಣೆ ಯಾವಾಗ?

ಹದಿನೆಂಟನೇ ಲೋಕಸಭೆ ಮೊದಲು ಸೇರಿದ್ದು 2024ರ ಜೂನ್ 24ಕ್ಕೆ. ಅಲ್ಲಿಂದ ಐದು ವರ್ಷ ಅದರ ಆಯಸ್ಸು. ನಡುವೆ ವಿಸರ್ಜನೆಯಾಗದಿದ್ದರೆ 2029ರ ಬೇಸಿಗೆಗೆ ಮತದಾನ.